ಐದು ಹುಡುಗಿಯರು, ಒಬ್ಬ ಪೆದ್ದ, ಒಂದು ಡಬ್ಬ ಅಂಟು

ಈ ಸಲ ನನಗೆ ಮೋಸ ಮಾಡುವ ಗಂಡು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಾನು ಘೋಷಿಸಿದ್ದು ಒಂದು ಗುರುವಾರ ಸಂಜೆ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಹೊಸ ಪುಸ್ತಕವನ್ನು ಎದೆಗೆ ಅಪ್ಪಿಕೊಂಡು. ಸಭಿಕರು ಇಬ್ಬರು. ಬೀನ್ಸ್ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ. ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದ ಅವಳ ತಾಯಿ, ಅಂದರೆ ನಮ್ಮ ಅತ್ತೆ.

"ಮೊದಲು ಈ ಪುಸ್ತಕಕ್ಕೆ ರಾಜಮರ್ಯಾದೆಯ ಬೈಂಡಿಂಗ್ ಮಾಡ್ತೀನಿ! ಆಮೇಲೆ ಓದ್ತೀನಿ! ಆಮೇಲೆ ಇದರ ಮೇಲೆ ಎಂಥಾ ಮೆಚ್ಚುಗೆ ಬರೀತೀನಿ ಅಂದ್ರೆ, ನಮ್ಮ ಕರಡು ಮಾಸ್ತರು ತಮ್ಮ ಕೆಂಪು ಪೆನ್ನನ್ನ ತಾವೇ ಮುರಿದು ಬಿಸಾಡಬೇಕು!"

"ಆ ಗೋಡೆ ವಿಷಯ ಏನು ಮಾಡಿದ್ರಿ?" ಹೆಂಡತಿ ತಲೆಯೆತ್ತದೆ ಕೇಳಿದಳು.

ಒಲೆಯ ಪಕ್ಕದ ಗೋಡೆಯ ಮೇಲೆ ಬಣ್ಣದವನು ನಮೂನೆಗೆಂದು ಬಳಿದು ಹೋದ ಅಂಗೈಯಗಲದ ತೇಪೆಗಳಿವೆ. ಯಾವುದು ಬೇಕೆಂದು ಒಂದು ಮಾತು ಹೇಳಿ, ಮಾರನೆಯ ದಿನವೇ ಬರುತ್ತೇನೆ ಎಂದಿದ್ದ. ಒಳ್ಳೆಯ ಮನುಷ್ಯ. ಆದರೆ ಇಂಥ ಚರಿತ್ರಾರ್ಹ ಗಳಿಗೆಯಲ್ಲಿ ಗೋಡೆಯ ಮಾತೆತ್ತುವವರಿಗೆ ಏನು ಹೇಳುವುದು!

"ಅದು ಆಮೇಲೆ," ಎಂದೆ.

"ಆಮೇಲಂತೆ," ಎಂದು ಅತ್ತೆ ಮಗಳಿಗೆ ಅನುವಾದ ಮಾಡಿ ಹೇಳಿದರು.

ನನ್ನ ಸಿಟ್ಟಿಗೆ ಒಂಬತ್ತು ವರ್ಷದ ಇತಿಹಾಸವಿದೆ. ಅದನ್ನು ಹೇಳದಿದ್ದರೆ ನೀವು ನನ್ನನ್ನು ಸುಮ್ಮಸುಮ್ಮನೆ ಕೂಗಾಡುವವನು ಎಂದುಕೊಳ್ಳುತ್ತೀರಿ. ಕೂಗಾಡುವವನು ಹೌದು, ಸುಮ್ಮಸುಮ್ಮನೆ ಅಲ್ಲ.

ನಾನು ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ವಿಭಾಗದ ಮೇಸ್ತ್ರಿ. ಒಂಬತ್ತು ವರ್ಷದ ಹಿಂದೆ ಕಾಗದದ ಬಂಡಲೊಂದು ಕಾಲ ಮೇಲೆ ಬಿದ್ದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಅಕ್ಕನ ಮಗಳು ಮನೆ ಬದಲಾಯಿಸುವಾಗ ನಮ್ಮಲ್ಲಿಟ್ಟು ಹೋಗಿದ್ದ ಪೆಟ್ಟಿಗೆಯಲ್ಲಿ ಹದಿನಾಲ್ಕು ಸಂಪುಟಗಳ ಒಂದು ಮಾಂಗಾ ಇತ್ತು. ಮಾಂಗಾ ಎಂದರೆ ಬಲದಿಂದ ಎಡಕ್ಕೆ ಓದಿಕೊಂಡು ಹೋಗುವ ಚಿತ್ರಕತೆ. ನಮ್ಮ ಪುಸ್ತಕ ಎಲ್ಲಿ ಮುಗಿಯುತ್ತದೋ ಅದು ಅಲ್ಲಿಂದ ಶುರು. ಅದರಲ್ಲೂ ಒಬ್ಬನೇ ಹುಡುಗ, ಸುತ್ತ ಅವನನ್ನೇ ಮೆಚ್ಚಿದ ಹಲವು ಹುಡುಗಿಯರು ಇದ್ದರೆ ಆ ಜಾತಿಗೆ 'ಹರೆಮ್' ಎಂದು ಹೆಸರಂತೆ. ಹೆಸರು ಕೇಳಿ ಮೊದಲು ನಾನೂ ಹೌಹಾರಿ ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ತೆರೆದೆ. ಒಳಗೆ ನೋಡಿದರೆ ಇದ್ದವನು ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಒಬ್ಬ ಬಡಪಾಯಿ!

ಅವನ ದೋಣಿಯಲ್ಲಿ ದಿನಾ ಹೊಳೆ ದಾಟಿ ಕೆಲಸಕ್ಕೆ ಹೋಗುವ ಐದು ಹುಡುಗಿಯರು. ಅವರ ಹೆಸರುಗಳು ನನ್ನ ನಾಲಿಗೆಗೆ ಹೊರಳದ್ದರಿಂದ ನಾನೇ ನಾಮಕರಣ ಮಾಡಿದೆ. ಸದಾ ಪುಸ್ತಕದಲ್ಲಿ ಮೂಗು ತೂರಿಸಿಕೊಂಡಿರುವ ಕನ್ನಡಕದವಳು. ದೋಣಿ ಎರಡು ನಿಮಿಷ ತಡವಾದರೆ ಹುಟ್ಟು ಹಾಕುವವನನ್ನೂ ಹೊಳೆಯನ್ನೂ ಒಟ್ಟಿಗೆ ಬೈಯುವ ಜಗಳಗಂಟಿ. ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಚ್ಚದೆ ಕೈಯಲ್ಲೇ ಹಿಡಿದಿರುವ ಕೊಡೆಯವಳು. ಸೈಕಲ್ಲನ್ನು ದೋಣಿಗೆ ಹತ್ತಿಸಿ ಎಲ್ಲರ ಕಾಲು ತುಳಿಸುವ ಸೈಕಲ್ಲಿನವಳು. ಕೊನೆಯದಾಗಿ, ಕೂತ ತಕ್ಷಣ ನಿದ್ದೆ ಹೋಗಿ, ಇಳಿಯುವುದು ಮರೆತು, ದಿನಕ್ಕೆ ಮೂರು ಸಲ ಆಚೆಗೂ ಈಚೆಗೂ ತೇಲಾಡುವ ನರ್ಸಮ್ಮ, ನಿದ್ದೆಬುರುಕಿ. ಐವರಿಗೂ ಆ ಟಿಕೆಟ್ಟಿನವನೇ ಬೇಕು. ಅವನಿಗೆ ಯಾರು ಬೇಕೆಂದು ಅವನಿಗೇ ಗೊತ್ತಿಲ್ಲ. ಅವನಿಗೆ ನಾನಿಟ್ಟ ಹೆಸರು ಪೆದ್ದ.

ಹದಿನಾಲ್ಕು ಸಂಪುಟ ಕಾದೆ ಸ್ವಾಮಿ! ಹದಿನಾಲ್ಕನೆಯದರ ಕೊನೆಯಲ್ಲಿ ಹೊಳೆಗೆ ಸೇತುವೆ ಕಟ್ಟುತ್ತಾರೆ, ದೋಣಿ ನಿಂತುಹೋಗುತ್ತದೆ, ಕೊನೆಯ ಸಂಜೆ ಐವರೂ ಕಟ್ಟೆಯ ಮೇಲೆ ಸಾಲಾಗಿ ನಿಂತು ಪೆದ್ದನನ್ನೇ ನೋಡುತ್ತಾರೆ. ಗಾಳಿ ಬೀಸುತ್ತದೆ. ಪೆದ್ದ ಬಾಯಿ ತೆರೆಯುತ್ತಾನೆ.

ಮುಗಿಯಿತು!

ಪುಟ ತಿರುಗಿಸಿದೆ. ಖಾಲಿ. ಪುಸ್ತಕ ಕೊಡವಿದೆ. ಏನೂ ಬೀಳಲಿಲ್ಲ. ಬರೆದವನ ಮೇಲಿನ ರೋಷಕ್ಕೆ ಪ್ಲಾಸ್ಟರ್ ಹಾಕಿದ ಕಾಲನ್ನೇ ಎತ್ತಿ ಗೋಡೆಗೆ ಒದ್ದೆ. ಆರು ವಾರದ ಪ್ಲಾಸ್ಟರ್ ಒಂಬತ್ತು ವಾರವಾಯಿತು.

ಅಂದಿನಿಂದ ಪ್ರೆಸ್ಸಿನ ಚಹಾ ಹೊತ್ತಿನಲ್ಲಿ ನಾನು ಈ ಅನ್ಯಾಯದ ಬಗ್ಗೆ ಮಾತಾಡುತ್ತಲೇ ಬಂದಿದ್ದೇನೆ. ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ. ಆ ಐವರೂ ನನಗೆ ಮನೆಯ ಹುಡುಗಿಯರ ಹಾಗೆ. ಒಂದು ಗಂಡಸು ಒಂದು ಮಾತು ಹೇಳಲಿಕ್ಕೆ ಎಷ್ಟು ವರ್ಷ ತೆಗೆದುಕೊಳ್ಳಬೇಕು? ಹೇಳಿಬಿಡಯ್ಯ, ಪುಣ್ಯಾತ್ಮ! ಅವರಾದರೂ ತಮ್ಮ ದಾರಿ ನೋಡಿಕೊಳ್ಳುತ್ತಾರೆ!

ನನ್ನ ಈ ಭಾಷಣಗಳನ್ನು ಒಂಬತ್ತು ವರ್ಷ ಸಹಿಸಿಕೊಂಡವರು ಕರಡು ಮಾಸ್ತರು. ಕರಡು ತಿದ್ದುವುದು ಅವರ ಕೆಲಸ. ಜನರನ್ನು ತಿದ್ದುವುದು ಹವ್ಯಾಸ. ಚಹಾ ಕೋಣೆಯ ಗೋಡೆಯಲ್ಲಿ ಪ್ರತಿ ಸೋಮವಾರ ಹಚ್ಚುವ ನೌಕರರ ಭಿತ್ತಿಪತ್ರಿಕೆಗೆ ಅವರೇ ಸಂಪಾದಕರು. ಆ ಮಾಂಗಾಕ್ಕೆ ಮುಂದಿನ ಭಾಗ ಬಂದಿದೆ, ಒಂದೇ ದಪ್ಪ ಸಂಪುಟ, ಇದರಲ್ಲಿ ಎಲ್ಲ ತೀರ್ಮಾನವಾಗುತ್ತದಂತೆ ಎಂದು ನಾನು ಕುಣಿದಾಡಿದ ದಿನ ಅವರ ತಾಳ್ಮೆ ಕೆಟ್ಟಿತು.

"ಮೇಸ್ತ್ರಿಗಳೇ, ತಲೆ ನರೆತಿದೆ. ಐದು ಜನ ಒಬ್ಬನ ಹಿಂದೆ ಬೀಳೋ ಬೊಂಬೆ ಪುಸ್ತಕ ಓದೋಕೆ ನಾಚಿಕೆ ಆಗಲ್ವಾ?"

"ಓದದೆ ಬೈಯೋಕೆ ನಿಮಗೆ ನಾಚಿಕೆ ಆಗಲ್ವಾ?"

"ಹಾಗಾದ್ರೆ ಬರೀರಿ! ಅದರಲ್ಲಿ ಏನಿದೆ, ಹೇಗಿದೆ, ಕೊನೆಗೆ ಏನಾಯ್ತು, ಯಾಕೆ ಮೆಚ್ಚಬೇಕು. ಬರೋ ಸೋಮವಾರ ಬಿಟ್ಟು ಅದರಾಚೆ ಸೋಮವಾರ ಮೊದಲನೇ ಕಾಲಂ ನಿಮಗೆ. ಬರೆಯೋಕೆ ಆಗ್ಲಿಲ್ವೋ, ನಿವೃತ್ತಿ ಆಗೋವರೆಗೂ ಚಹಾ ಹೊತ್ನಲ್ಲಿ ಆ ಐದು ಜನರ ಸುದ್ದಿ ಎತ್ತಬಾರದು!"

ಇಡೀ ಚಹಾ ಕೋಣೆ ಚಪ್ಪಾಳೆ ತಟ್ಟಿತು. ಯಾವ ಷರತ್ತಿಗೆ ತಟ್ಟಿತು ಎಂಬುದನ್ನು ನಾನು ಕೇಳಲು ಹೋಗಲಿಲ್ಲ.

ಇದಿಷ್ಟು ಹಿನ್ನೆಲೆ. ಈಗ ಆ ಗುರುವಾರಕ್ಕೆ ಬರೋಣ.

ಪುಸ್ತಕವೇನೋ ಬಂತು. ಆದರೆ ಅದರ ಬೆನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಬರೀ ಅಂಟು! ಒಂದು ಎಳೆ ದಾರವಿಲ್ಲ! ನಾಲ್ಕು ಸಲ ತೆರೆದರೆ ಹಾಳೆಗಳು ಕೈಗೆ ಬರುವಂಥ ಕಳ್ಳಕೆಲಸ. ಇಪ್ಪತ್ತೆಂಟು ವರ್ಷ ಸೂಜಿ ದಾರ ಹಿಡಿದ ಈ ಕೈಗಳು ಇಂಥ ಪುಸ್ತಕವನ್ನು ಹಾಗೇ ಓದುವುದೇ? ಊಟದ ಮೇಜಿನ ಮೇಲೆ ಇಟ್ಟು ಅಳತೆಪಟ್ಟಿ ಹಿಡಿದು ಒಂದೇ ಏಟಿಗೆ ಬೆನ್ನು ಕೊಯ್ದೆ. ಇನ್ನೂರ ನಾಲ್ಕು ಹಾಳೆಗಳು ಬಿಡಿಬಿಡಿಯಾದವು. ಇನ್ನು ಮೇಲಿನ ರಕ್ಷಾಪುಟ ಕೀಳಬೇಕು. ಕಿತ್ತರೆ ಕೊನೆಯ ಪುಟ ಕಣ್ಣಿಗೆ ಬಿದ್ದೀತು! ಒಂಬತ್ತು ವರ್ಷ ಕಾದ ಗುಟ್ಟು ಹೀಗೆ ಅಕಸ್ಮಾತ್ತಾಗಿ ತಿಳಿಯುವುದೇ? ಎಂದಿಗೂ ಇಲ್ಲ! ಟವೆಲ್ ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ರಕ್ಷಾಪುಟ ಕಿತ್ತು ಎಸೆದೆ.

ಆ ಹೊತ್ತಿಗೆ ಸರಿಯಾಗಿ ಅತ್ತೆ ಒಳಗೆ ಬಂದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೇಜಿನ ಮುಂದೆ ಒಬ್ಬನೇ ನಗುತ್ತಿದ್ದ ಅಳಿಯನನ್ನು ನೋಡಿ ಅವರಿಗೆ ಏನನ್ನಿಸಿತೋ. "ಪಾಪ, ಸೆಕೆ ಇರಬೇಕು," ಎನ್ನುತ್ತ ಫ್ಯಾನ್ ಹಾಕಿದರು. ಐದನೇ ನಂಬರಿಗೆ.

ಹಾಳೆಗಳು ಹಾರಿದ ಸದ್ದು ನನಗೆ ಕೇಳಿಸಿತು. ಕೆಲವು ನನ್ನ ಮುಖಕ್ಕೇ ಬಡಿದವು.

"ಯಾರದು ಫ್ಯಾನ್ ಹಾಕಿದ್ದು!" ಎಂದು ಅಬ್ಬರಿಸಿದೆ.

"ನಾನೇ. ಇನ್ನೂ ಸಾಲದಾ?" ಎಂದರು ಅತ್ತೆ.

ಹೆಂಡತಿ ಓಡಿ ಬಂದಳು. ಅವಳು ದೊಡ್ಡಾಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿರುವವಳು. ಚದುರಿದ ಹಾಳೆ ಜೋಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಸೋಫಾದ ಕೆಳಗಿನಿಂದ, ಕಪಾಟಿನ ಮೇಲಿನಿಂದ, ಅತ್ತೆಯ ಮಡಿಲಿನಿಂದ ಎಲ್ಲವನ್ನೂ ಆರಿಸಿ ಎಣಿಸಿದಳು. ಇನ್ನೂರ ನಾಲ್ಕು. ಒಂದೂ ಕಳೆದಿಲ್ಲ.

"ಪುಟ ಸಂಖ್ಯೆ ಎಲ್ರೀ?"

ಅಲ್ಲೇ ಇದ್ದದ್ದು ಗ್ರಹಚಾರ! ಚಿತ್ರಗಳು ಹಾಳೆಯ ಅಂಚಿನವರೆಗೂ ಹಬ್ಬಿಕೊಂಡಿರುವ ಈ ಪುಸ್ತಕಗಳಲ್ಲಿ ಪುಟ ಸಂಖ್ಯೆ ಹಾಕಲು ಜಾಗವೇ ಇರುವುದಿಲ್ಲ. ಹತ್ತಿಪ್ಪತ್ತು ಪುಟಕ್ಕೊಮ್ಮೆ ಒಂದು ಕಂಡರೆ ಹೆಚ್ಚು.

"ಕತೆ ಓದ್ಕೊಂಡೇ ಜೋಡಿಸಬೇಕು," ಎಂದೆ, ಟವೆಲ್ಲಿನ ಹಿಂದಿನಿಂದ.

"ಜೋಡಿಸಿ ಮತ್ತೆ."

"ನಾನು ಓದಿದ್ರೆ ಕೊನೆ ಗೊತ್ತಾಗಿಬಿಡುತ್ತೆ!"

"ಗೊತ್ತಾಗಲಿ ಅಂತಲ್ವಾ ಪುಸ್ತಕ ಓದೋದು?"

"ಗೊತ್ತಾಗೋದಕ್ಕೂ ಒಂದು ಕ್ರಮ ಇದೆ ಕಣೇ!"

ಕೊನೆಗೆ ಅವಳೇ ಜೋಡಿಸುವುದೆಂದಾಯಿತು. ಶುಕ್ರವಾರ ಸಂಜೆ ಗೊಣಗುತ್ತ ಕೂತಳು. "ಇದೇನು ಬಲದಿಂದ ಓದೋದು, ಕುತ್ತಿಗೆ ಹಿಡ್ಕೊಳ್ತು." ಒಂದು ಗಂಟೆಯ ಮೇಲೆ ಗೊಣಗು ನಿಂತಿತು. ಎರಡು ಗಂಟೆಯ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದು ನೆಲಕ್ಕಿಳಿದು ನನ್ನ ಚಪ್ಪಲಿ ಸೇರಿತು, ಅವಳು ತಲೆಯೆತ್ತಲಿಲ್ಲ. ಶನಿವಾರ ಪೆಟ್ಟಿಗೆಯಿಂದ ಹಳೆಯ ಹದಿನಾಲ್ಕು ಸಂಪುಟಗಳೂ ಹೊರಬಂದವು. "ಹಿಂದಿನದು ಗೊತ್ತಿಲ್ದೆ ಹೇಗೆ ಜೋಡಿಸೋದು?" ಎಂಬುದು ನೆಪ. ಮಧ್ಯಾಹ್ನ ನೋಡುತ್ತೇನೆ, ತಾಯಿ ಮಗಳು ಅಕ್ಕಪಕ್ಕ ಕೂತು, ಒಬ್ಬರು ಓದಿದ ಹಾಳೆಯನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದಾರೆ!

"ಇವನಿಗೆ ಬಾಯಿಲ್ವೇನೇ?" ಅತ್ತೆಯ ಸಿಟ್ಟು.

"ಬಾಯಿದೆ ಅಮ್ಮ, ತೆರೀತಾನೆ, ಮುಚ್ತಾನೆ. ಮಾತಿಲ್ಲ. ಒಂಬತ್ತು ವರ್ಷ! ಐದು ಹೆಣ್ಣುಮಕ್ಕಳನ್ನ ಕಾಯಿಸೋಕೆ ಇವನ್ಯಾರು?"

"ನಿಂಗೆ ಯಾರು ಇಷ್ಟ?"

"ಜಗಳಗಂಟಿ. ಇದ್ದದ್ದನ್ನ ಇದ್ದಂಗೆ ಹೇಳ್ತಾಳೆ."

"ಕನ್ನಡಕದವಳು!" ಎಂದು ನಾನು ಪಕ್ಕದ ಕೋಣೆಯಿಂದ ಕಿರುಚಿದೆ. "ಅವಳೇ ಆಗಬೇಕು! ನ್ಯಾಯ ಅಂದ್ರೆ ಅವಳು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದ ಅರ್ಥ ಆಗಬಾರದೆಂದು ನಾನು ಕಣ್ಣು ಮುಚ್ಚಿಕೊಂಡು ಕಿವಿಗೂ ಬೆರಳಿಟ್ಟುಕೊಂಡೆ.

ಭಾನುವಾರ ಬೆಳಗ್ಗೆ ಇನ್ನೂರ ನಾಲ್ಕು ಹಾಳೆಗಳ ಅಚ್ಚುಕಟ್ಟಾದ ಕಟ್ಟು ನನ್ನ ಮುಂದೆ ಬಂತು. ಮತ್ತೆ ಟವೆಲ್ ಕಟ್ಟಿಕೊಂಡೆ. ರಂಧ್ರ ಕೊರೆದೆ, ಮೇಣ ಸವರಿದ ದಾರದಿಂದ ಹೊಲಿದೆ, ನಾನೇ ಕುದಿಸಿ ತಂದ ಅಂಟಿನ ಡಬ್ಬ ತೆರೆದೆ. ಮೂರು ಮಿಲಿಮೀಟರ್ ದಪ್ಪದ ರಟ್ಟು, ಅದಕ್ಕೆ ಕಡುಗೆಂಪು ಬಟ್ಟೆ. ಮೇಲಿನ ಹಾಳೆ ಮೇಲಿನ ರಟ್ಟಿಗೆ, ಕೆಳಗಿನ ಹಾಳೆ ಕೆಳಗಿನ ರಟ್ಟಿಗೆ. ಕಣ್ಣೇ ಬೇಡ, ಕೈ ತಾನಾಗಿ ಓಡುತ್ತಿತ್ತು!

"ರೀ, ಒಂದ್ಸಲ ಬಟ್ಟೆ ಬಿಚ್ಚಿ ನೋಡಿ ಅಂಟಿಸ್ರೀ," ಎಂದಳು ಹೆಂಡತಿ.

"ಇಪ್ಪತ್ತೆಂಟು ವರ್ಷ! ನನಗೆ ಬೈಂಡಿಂಗ್ ಹೇಳ್ಕೊಡ್ತೀಯಾ?"

"ಅಲ್ಲ, ಆ ಹಾಳೆ..."

"ಶ್! ಹಾಳೆ ಬಗ್ಗೆ ಒಂದಕ್ಷರ ಹೇಳಬೇಡ! ಕೊನೆ ಗೊತ್ತಾಗಿಬಿಟ್ಟರೆ ನಾನು ಈ ಮನೇಲಿ ಇರೋದಿಲ್ಲ!"

ಅವಳು ಬಾಯಿ ಮುಚ್ಚಿಕೊಂಡಳು. ಈಗ ಯೋಚಿಸಿದರೆ, ಅವಳನ್ನು ಬಾಯಿ ಮುಚ್ಚಿಸುವುದರಲ್ಲಿ ನಾನು ಗೆದ್ದದ್ದು ಜೀವನದಲ್ಲಿ ಅದೊಂದೇ ಸಲ.

"ಈ ಅಂಟು ನೋಡಿ ಅತ್ತೆ," ಎಂದು ಎದೆಯುಬ್ಬಿಸಿದೆ. "ಮನೆ ಬಿದ್ದರೂ ಹಾಳೆ ರಟ್ಟು ಬಿಡೋದಿಲ್ಲ!"

ಸೋಮವಾರದಿಂದ ಓದು. ದಿನಕ್ಕೊಂದು ಅಧ್ಯಾಯ ಮಾತ್ರ, ಸಂಜೆ ಕೈಕಾಲು ತೊಳೆದು. ಆ ಆರು ದಿನದ ಸುಖವನ್ನು ನಾನು ಹೇಗೆ ಹೇಳಲಿ! ನನ್ನ ಸಿಟ್ಟು ಏನೇ ಇರಲಿ, ಬರೆದವನ ಕೈಗೆ ಒಂದು ನಮಸ್ಕಾರ. ಒಂಬತ್ತು ವರ್ಷದ ಮೇಲೆ ಪೆದ್ದ ಅದೇ ಸೇತುವೆಯ ಮೇಲೆ ಸುಂಕದ ಟಿಕೆಟ್ ಹರಿಯುತ್ತಿದ್ದಾನೆ. ಅದೇ ಟೋಪಿ, ಅದೇ ಮುಖ. ಆದರೆ ಹುಡುಗಿಯರು ಅದೇ ಹುಡುಗಿಯರಲ್ಲ. ಸೈಕಲ್ಲಿನವಳಿಗೆ ಸ್ವಂತ ರಿಪೇರಿ ಅಂಗಡಿ, ಉಗುರಿನ ಸಂದಿಯಲ್ಲಿ ಗ್ರೀಸು. ಆ ಗ್ರೀಸನ್ನು ಕೂಡ ಬಿಡದೆ ಬರೆದಿದ್ದಾನೆ. ನಿದ್ದೆಬುರುಕಿ ಈಗ ಹಿರಿಯ ನರ್ಸು, ಇಡೀ ವಾರ್ಡು ಮಲಗಿದರೂ ಅವಳೊಬ್ಬಳು ಮಲಗುವುದಿಲ್ಲ. ಜಗಳಗಂಟಿ ಕಾರ್ಖಾನೆಗಳ ತಪಾಸಣಾಧಿಕಾರಿ. ಬೈಯುವುದಕ್ಕೆ ಈಗ ಸರಕಾರಿ ಮೊಹರು! ಕನ್ನಡಕದವಳು, ನನ್ನ ಬಂಗಾರ, ಓದುವುದು ಬಿಟ್ಟು ಬರೆಯಲು ಶುರುಮಾಡಿದ್ದಾಳೆ. ಕೊಡೆಯವಳು ಒಬ್ಬನನ್ನು ಮದುವೆಯಾಗಿ, ಬಿಟ್ಟು, ಮೊದಲ ಸಲ ಕೊಡೆ ಬಿಚ್ಚುವ ಪುಟ ಇದೆಯಲ್ಲ, ಅದರಲ್ಲಿ ಒಂದೇ ಒಂದು ಮಾತಿಲ್ಲ. ಆ ಪುಟದ ಮುಂದೆ ನಾನು ಹತ್ತು ನಿಮಿಷ ಕೂತಿದ್ದೆ.

ಎಲ್ಲಕ್ಕಿಂತ ಮೇಲಾದದ್ದು ನಾಲ್ಕನೆಯ ಅಧ್ಯಾಯ. ಐವರೂ ಒಂದು ಚಹಾದಂಗಡಿಯಲ್ಲಿ ಸೇರುತ್ತಾರೆ. ಇಪ್ಪತ್ತು ಪುಟ ಮಾತಾಡುತ್ತಾರೆ, ನಗುತ್ತಾರೆ, ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ಕರವಸ್ತ್ರ ಕೊಡುತ್ತಾಳೆ. ಪೆದ್ದನ ಹೆಸರನ್ನು ಯಾರೂ ಎತ್ತುವುದಿಲ್ಲ! ಒಬ್ಬನ ಸುತ್ತ ಐವರು ಎಂದು ಶುರುವಾದ ಕತೆ, ಐವರ ನಡುವೆ ಒಬ್ಬ ಎಲ್ಲೋ ಇದ್ದಾನೆ ಎಂಬಲ್ಲಿಗೆ ಬಂದು ನಿಂತಿತ್ತು. ಕರಡು ಮಾಸ್ತರಿಗೆ ಇದನ್ನು ಹೇಗೆ ಬರೆದು ತೋರಿಸುತ್ತೇನೆ ನೋಡಿ ಎಂದು ಮೈ ಜುಮ್ಮೆಂದಿತು.

ಶನಿವಾರ ಸಂಜೆಯವರೆಗೆ ತಡೆಯಲಾಗದೆ ಬೆಳಗ್ಗೆಯೇ ಕೊನೆಯ ಅಧ್ಯಾಯ. ಸೇತುವೆಯ ಮೇಲೆ ಸಂಜೆ. ಐವರೂ ಸಾಲಾಗಿ ನಿಂತಿದ್ದಾರೆ. ಕನ್ನಡಕದವಳ ಕನ್ನಡಕದಲ್ಲಿ ಸೂರ್ಯ. ಪೆದ್ದ ಟೋಪಿ ತೆಗೆಯುತ್ತಾನೆ. ಇನ್ನು ಬಿಡುವುದಿಲ್ಲ, ಹೇಳೇ ಹೇಳುತ್ತಾನೆ! ಪೆದ್ದ ಬಾಯಿ ತೆರೆಯುತ್ತಾನೆ.

ಮುಂದೆ? ಮುಂದೆ ಏನೂ ಇಲ್ಲ! ಕಡುಗೆಂಪು ಬಟ್ಟೆಯ ಅಂಚು, ಅದರಾಚೆ ಊಟದ ಮೇಜು!

ನನ್ನ ಆಗಿನ ಸಿಟ್ಟನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ಒಂದೇ ಕಂದಕಕ್ಕೆ ಎರಡು ಸಲ ಬೀಳಿಸಿದನಲ್ಲ! ಉಸಿರು ಕಟ್ಟಿಕೊಂಡು ಕೂತು ಮೂರು ಪುಟ ಬರೆದೆ. ಮೆಚ್ಚುಗೆ ಎಂಬ ಶಬ್ದವನ್ನು ಹೊಡೆದು ಹಾಕಿ ಮೇಲೆ 'ಒಂದು ಮಹಾಮೋಸ' ಎಂದು ತಲೆಬರಹ ಕೊಟ್ಟೆ. "ಧೈರ್ಯವಿಲ್ಲದವನು ಪೆದ್ದನಲ್ಲ, ಅವನನ್ನು ಬರೆದವನು. ಎರಡನೆಯ ಸಲವೂ ಕೊನೆಯ ಮಾತು ನುಂಗಿದ ಈ ಹೇಡಿಗೆ ಧಿಕ್ಕಾರ!" ಎಂದು ಮುಗಿಸಿ, ಮಧ್ಯಾಹ್ನ ಪ್ರೆಸ್ಸಿಗೆ ಒಯ್ದು ಮಾಸ್ತರ ಮೇಜಿನ ಮೇಲೆ ಬಡಿದೆ.

ಮಾಸ್ತರು ಓದಿದರು. ಜೀವನದಲ್ಲಿ ಮೊದಲ ಸಲ ಅವರ ಕೆಂಪು ಪೆನ್ನು ಮೇಲೇಳಲಿಲ್ಲ.

"ಅದ್ಭುತ! ನಾನು ಒಂಬತ್ತು ವರ್ಷದಿಂದ ಹೇಳ್ತಿದ್ದದ್ದನ್ನೇ ಬರೆದಿದ್ದೀರಿ. ಸೋಮವಾರ ಮೊದಲನೇ ಕಾಲಂ!"

ಗೆದ್ದು ಸೋತವನ ಹಾಗೆ ಮನೆಗೆ ಬಂದು ಭಾನುವಾರ ಬೆಳಗ್ಗೆ ಆ ಬರಹದ ಕರಡು ಪ್ರತಿಯನ್ನು ಹೆಂಡತಿಗೆ ಓದಿ ಹೇಳಿದೆ. ಅರ್ಧಕ್ಕೇ ಅವಳು ಕೈಯೆತ್ತಿ ತಡೆದಳು.

"ಏನು ಕೊನೆ ಮಾತು ನುಂಗಿದ? ಅವನು ಹೇಳಿದ್ದಾನಲ್ರೀ!"

"ಯಾರು ಹೇಳಿದ್ದಾನೆ? ಏನು ಹೇಳಿದ್ದಾನೆ? ಬಾಯಿ ತೆರೆದು ನಿಂತಿದ್ದಾನೆ, ಅಷ್ಟೇ!"

"ಅದಾದ್ಮೇಲೆ ಒಂದು ಪುಟ ಇದೆ. ಇಡೀ ಪುಟಕ್ಕೆ ಒಂದೇ ಚಿತ್ರ. ಎಷ್ಟು ಚೆನ್ನಾಗಿದೆ ಅಂತೀರಿ, ಅಮ್ಮ ಅತ್ತುಬಿಟ್ಟಳು."

ನನ್ನ ತಲೆಯಲ್ಲಿ ಸಿಡಿಲು. "ಪುಟ ಎಲ್ಲಿ? ಎಲ್ಲಿ ಕಳೆದೆ? ದೊಡ್ಡಾಸ್ಪತ್ರೆಯ ದಾಖಲೆಯಂತೆ! ಒಂದು ಹಾಳೆ ಕಾಪಾಡೋಕೆ ಆಗ್ಲಿಲ್ಲ! ನನ್ನ ಬಾಳನ್ನೇ ಹಾಳು ಮಾಡಿದೆ!"

"ಇನ್ನೂರ ನಾಲ್ಕು ಎಣಿಸಿ ಕೈಗೆ ಕೊಟ್ಟಿದ್ದೀನಿ. ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ."

ಸೋಫಾ ತಿರುಗಿಸಿದೆ. ಕಪಾಟು ಸರಿಸಿದೆ. ಫ್ಯಾನಿನ ಮೇಲೆ ಕೈಯಾಡಿಸಿ ಒಂದು ಹಿಡಿ ಧೂಳು ನನ್ನ ತಲೆಯ ಮೇಲೇ ಸುರಿದುಕೊಂಡೆ. ಫ್ಯಾನ್ ಹಾಕಿದ ಅತ್ತೆಯನ್ನು ಬೈದೆ, ಪುಟ ಸಂಖ್ಯೆ ಹಾಕದ ಪ್ರಕಾಶಕನನ್ನು ಬೈದೆ, ದಾರ ಹಾಕದ ಬೈಂಡರನ್ನು ಬೈದೆ. ಅತ್ತೆ ಮಾತ್ರ ಶಾಂತವಾಗಿ ಪುಸ್ತಕದ ಕೊನೆ ತೆರೆದು, ಕನ್ನಡಕ ಏರಿಸಿಕೊಂಡು, ಪೆದ್ದನ ಬಾಯಿಯ ಮೇಲೆ ಬೆರಳು ಆಡಿಸುತ್ತಿದ್ದರು.

"ಅಳಿಯಂದಿರೇ, ಈ ಚಿತ್ರ ಹಾಳೆ ಮೇಲೆ ಇರೋದಾ, ರಟ್ಟಿನ ಮೇಲೆ ಇರೋದಾ?"

ನಾನು ಬಾಗಿ ನೋಡಿದೆ.

ನನ್ನ ತಲೆಯ ಮೇಲಿನ ಧೂಳು ಪೆದ್ದನ ಬಾಯಿಗೆ ಉದುರಿತು. ನಮ್ಮ ಪ್ರೆಸ್ಸಿನ ಯಾವ ಪುಸ್ತಕ ತೆಗೆದುಕೊಳ್ಳಿ, ಮೊದಲ ಹಾಳೆ ಖಾಲಿ ಬಿಡುತ್ತೇವೆ. ಅದು ಮೇಲಿನ ರಟ್ಟಿನ ಪಾಲು. ಬೈಂಡರ್ ಅದನ್ನು ನೋಡುವುದೂ ಇಲ್ಲ, ಅಂಟು ಬಳಿದು ಒತ್ತುತ್ತಾನೆ. ಆದರೆ ಬಲದಿಂದ ಎಡಕ್ಕೆ ಹೋಗುವ ಪುಸ್ತಕದಲ್ಲಿ, ನಮ್ಮ ಮೊದಲ ಹಾಳೆಯ ಜಾಗದಲ್ಲಿ ಇರುವುದು ಅವರ ಕೊನೆಯ ಹಾಳೆ! ಇದು ಒಂಬತ್ತು ವರ್ಷದಿಂದ ನನ್ನ ಕಣ್ಣಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕಣ್ಣಿಗೆ ಟವೆಲ್ ಕಟ್ಟಿ, ಕೈಗೆ ಬಿಟ್ಟುಕೊಟ್ಟಿದ್ದೆ.

ಒಂಬತ್ತು ವರ್ಷ ಕಾದ ಉತ್ತರವನ್ನು ನಾನೇ, ನನ್ನ ಕೈಯಾರೆ, ಮೂರು ಮಿಲಿಮೀಟರ್ ರಟ್ಟಿಗೆ ಮುಖ ಅಡಿಯಾಗಿ ಅಂಟಿಸಿದ್ದೆ.

"ಅದನ್ನೇ ಹೇಳೋಕೆ ಬಂದೆ," ಎಂದಳು ಹೆಂಡತಿ. "'ಶ್' ಅಂದ್ರಿ."

ಕೆಟಲ್ಲಿನ ಹಬೆ ಹಿಡಿ, ಒದ್ದೆ ಬಟ್ಟೆ ಇಡು, ತೆಳ್ಳನೆ ಚಾಕು ತೂರಿಸು. ಒಂದು ಗಂಟೆಯ ಮಹಾಯುದ್ಧದ ನಂತರ ಮೇಲಿನ ಮೂಲೆಯ ಹೆಬ್ಬೆರಳಗಲದ ತುಂಡು ಎದ್ದು ಬಂತು. ಅದರಲ್ಲಿ ಕಂಡದ್ದು ಆಕಾಶ. ಮೋಡ ಕೂಡ ಇಲ್ಲ. ಉಳಿದ ಹಾಳೆ ಒದ್ದೆಯಾದಷ್ಟೂ ರಟ್ಟನ್ನು ಇನ್ನಷ್ಟು ಅಪ್ಪಿಕೊಂಡಿತು. ಅಂಟು ಎಂದರೆ ಅದು! ಜೀವನದಲ್ಲಿ ಮೊದಲ ಸಲ ನನ್ನ ಕೆಲಸ ಇಷ್ಟು ಚೆನ್ನಾಗಿರಬಾರದಿತ್ತು ಎನ್ನಿಸಿತು.

ಅಂಗಡಿಗೆ ಫೋನ್ ಮಾಡಿದೆ. ಪ್ರತಿಗಳೆಲ್ಲ ಮುಗಿದಿವೆ, ಮರುಮುದ್ರಣ ಮೂರು ತಿಂಗಳ ಮೇಲೆ. ಅಂತರ್ಜಾಲದಲ್ಲಿ ಹುಡುಕಿದೆ. ಐದು ಕಡೆ ಐದು ಹೆಸರಿತ್ತು. ಅಭಿಮಾನಿಗಳು ತಮಗೆ ಬೇಕಾದವಳ ಹೆಸರು ಹಾಕಿ ಬಡಿದಾಡುತ್ತಿದ್ದರು. ಅಕ್ಕನ ಮಗಳಿಗೆ ಮಾಡಿದೆ. "ನನ್ನ ಪ್ರತಿ ಇನ್ನೂ ಬಂದಿಲ್ಲ ಮಾವ! ಕೊನೆ ಹೇಳಿದ್ರೆ ಜನ್ಮದಲ್ಲಿ ಮಾತಾಡಲ್ಲ!" ಎಂದು ಅವಳೇ ಕಿರುಚಿ ಇಟ್ಟಳು. ಕೊನೆಗೆ ಕರಡು ಮಾಸ್ತರಿಗೆ ಮಾಡಿದೆ.

"ಮಾಸ್ತರೇ, ಆ ಬರಹ ವಾಪಸ್ ಕೊಡಿ. ಬರೆದವನು ಹೇಳಿದ್ದಾನೆ. ತಪ್ಪು ನಂದು."

"ಏನು ಹೇಳಿದ್ದಾನೆ?"

"ಅದು... ಅಂಟಿದೆ."

ಆ ತುದಿಯಲ್ಲಿ ಬಹಳ ಹೊತ್ತು ಏನೋ ಗಂಟಲಲ್ಲಿ ಸಿಕ್ಕಿಕೊಂಡವರ ಸದ್ದು. ನಗುತ್ತಿದ್ದರು. "ನಾಳೆ ಎಂಟು ಗಂಟೆಗೆ ಹೊಸ ಬರಹ ತನ್ನಿ. ಕೊನೆ ಏನು ಅಂತ ಇರಬೇಕು. ಇಲ್ಲದಿದ್ರೆ 'ಮಹಾಮೋಸ'ನೇ ಗೋಡೆಗೆ. ನಿಮ್ಮ ಅಂಟಿನಲ್ಲೇ ಅಂಟಿಸ್ತೀನಿ!"

ನನ್ನ ಮಾನದ ಮಾತು ಬಿಡಿ. ಆ ಚಹಾದಂಗಡಿಯ ಇಪ್ಪತ್ತು ಪುಟ, ಆ ಕೊಡೆ, ಉಗುರಿನ ಗ್ರೀಸು, ಇಷ್ಟನ್ನು ಕೈಯಾರೆ ಬರೆದವನನ್ನು ನಾನು ಹೇಡಿ ಎಂದು ಬೈದದ್ದು ಇಡೀ ಪ್ರೆಸ್ಸಿನ ಮುಂದೆ ನೇತಾಡುತ್ತದೆ! ಇದನ್ನು ತಪ್ಪಿಸಬಲ್ಲವರು ಇಬ್ಬರೇ. ಮೊದಲು ಅತ್ತೆಯ ಕಡೆ ತಿರುಗಿದೆ.

"ನಂಗೆ ಮರೆವು ಜಾಸ್ತಿ," ಎಂದರು ಅತ್ತೆ. ಮೂವತ್ತು ವರ್ಷದ ಹಿಂದೆ ನಾನು ಅವರ ಮನೆಯಲ್ಲಿ ಒಡೆದ ಲೋಟದ ಬಣ್ಣ ನೆನಪಿರುವ ಮಹಾತಾಯಿ!

ಹೆಂಡತಿಯ ಮುಂದೆ ನಿಂತೆ. ಅಂಟು ಮೆತ್ತಿದ ಕೈಗಳು ತಾವಾಗಿ ಜೋಡಿಕೊಂಡವು. ಬೇರ್ಪಡಿಸಲು ಸ್ವಲ್ಪ ಕಷ್ಟವೂ ಆಯಿತು.

"ಹೇಳೇ. ಒಂದೇ ಒಂದು ಹೆಸರು. ಕನ್ನಡಕದವಳಾ? ಜಗಳಗಂಟಿಯಾ? ಯಾರಾದ್ರೂ ಸರಿ, ಹೇಳಿಬಿಡು!"

"ಹೇಳ್ತೀನಿ," ಎಂದಳು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯ. "ಅದಕ್ಕೇನಂತೆ, ಒಂದು ಹೆಸರು ತಾನೆ. ನೀವು ಒಂದು ಹೇಳಿ, ನಾನು ಒಂದು ಹೇಳ್ತೀನಿ. ಬನ್ನಿ."

ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಒಲೆಯ ಪಕ್ಕದ ಗೋಡೆಯ ಮುಂದೆ ನಿಲ್ಲಿಸಿದಳು. ಅತ್ತೆ ತಮ್ಮ ಕುರ್ಚಿಯನ್ನು ಎಳೆದು ತಂದು, ಚೆನ್ನಾಗಿ ಕಾಣುವ ಕಡೆ ಹಾಕಿಕೊಂಡು ಕೂತರು.

ಹಾಲುಬಿಳಿ. ತಿಳಿಹಳದಿ. ಎಳೆಹಸಿರು. ಆಕಾಶನೀಲಿ. ಇಟ್ಟಿಗೆಗೆಂಪು.

"ಹದಿನಾಲ್ಕು ತಿಂಗಳಾಯ್ತು," ಎಂದಳು ಹೆಂಡತಿ. "ಸಂಪುಟಕ್ಕೊಂದು ತಿಂಗಳು. ಬಣ್ಣದವನು ಆರು ಸಲ ಫೋನ್ ಮಾಡಿದ. ನೀವು 'ಆಮೇಲೆ' ಅಂದ್ರಿ. ನಾನು ದಿನಾ ಬೆಳಗ್ಗೆ ಎದ್ದು ಇದರ ಮುಖ ನೋಡ್ಕೊಂಡು ಚಹಾ ಕಾಯಿಸ್ತಾ ಇದ್ದೀನಿ. ಒಂದು ಗಂಡಸು ಒಂದು ಮಾತು ಹೇಳೋಕೆ ಎಷ್ಟು ಸಮಯ ತಗೋಬೇಕು?" ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಗುರುತು ಹಾಕಲು ಸಿದ್ಧಳಾಗಿ ನಿಂತಳು. "ಹ್ಞೂಂ. ಯಾವುದು?"

ಇಷ್ಟೇನಾ! ಐದರಲ್ಲಿ ಒಂದು! ಥೂ, ಇದಕ್ಕೊಂದು ಯೋಚನೆಯೇ? ಹಾಲುಬಿಳಿ ಎಂದು ಹೇಳಲು ಹೊರಟೆ. ಬಿಳಿ ಒಳ್ಳೆಯದೇ, ಶಾಂತ ಸ್ವಭಾವ. ಆದರೆ ಒಲೆಯ ಪಕ್ಕ ಬಾಳೀತೇ? ಹಳದಿಗೆ ಒಂದು ನಗುಮುಖವಿದೆ. ಹಸಿರನ್ನು ಬೆಳಗಿನ ಹೊತ್ತು ನೋಡಬೇಕು, ಎಂಥ ಗೆಲುವು! ನೀಲಿಯನ್ನು ಸಂಜೆ ನೋಡಬೇಕು. ಇಟ್ಟಿಗೆಗೆಂಪು ಸ್ವಲ್ಪ ಜೋರು, ಆದರೆ ಮನಸ್ಸು ಒಳ್ಳೆಯದು. ಒಂದನ್ನು ಹೇಳಿದರೆ ಉಳಿದ ನಾಲ್ಕರ ಮೇಲೆ ಬಣ್ಣ ಬಳಿಯುತ್ತಾರೆ. ಹದಿನಾಲ್ಕು ತಿಂಗಳು ಜೊತೆಗಿದ್ದವು! ಅಳಿಸಿಹೋಗುವ ನಾಲ್ಕರ ಪಾಡೇನು?

ಕಿಟಕಿಯಿಂದ ಗಾಳಿ ಬೀಸಿತು.

"ಹೇಳಿ ಅಳಿಯಂದಿರೇ," ಎಂದರು ಅತ್ತೆ. "ಐದೂ ಸಾಲಾಗಿ ನಿಂತು ನಿಮ್ಮನ್ನೇ ನೋಡ್ತಾ ಇವೆ."

ನಾನು ಬಾಯಿ ತೆರೆದೆ.